ಗಾಳದ ದಾರಕ್ಕೆ ದನದ ಹಗ್ಗದ ಗಂಟು ನಡೆಯಲ್ಲ

ನಮ್ಮ ಕೃಷಿ ಹೊಂಡದಲ್ಲಿ ಹೋದ ತಿಂಗಳು 2 ಕೆಜಿ ಮೇಲಿದ್ದ ಕಾಟ್ಲಾ ಗಾಳ ಕಚ್ಚಿತ್ತು. ದಡಕ್ಕೆ ಇನ್ನೇನು ಬಂತು ಅನ್ನುವಾಗ ದಾರ ಬಿಟ್ಕೊಂಡು ಹೋಯ್ತು. ದಾರ ಸಾಲದೆ ಹಳೇದಕ್ಕೆ ಹೊಸದನ್ನ ಜೋಡಿಸಿದ್ದೆ. ಲಡ್ಡು ಮಾಲು ಕೊಟ್ಟ ಅಂತ ಅಂಗಡಿಯವನನ್ನ ಬೈದೆ. ಆಮೇಲೆ ತುದಿ ನೋಡಿದ್ರೆ ಹಂದಿ ಬಾಲದ ಹಾಗೆ ಸುರುಳಿ ಸುತ್ತಿತ್ತು. ಅಂದ್ರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ತಪ್ಪು ನಂದೇ.

ಕತ್ತದ ಹಗ್ಗ ಒರಟು, ಎರಡು ಸಲ ಸುತ್ತಿ ಬಿಗಿದರೆ ಕಚ್ಚಿ ಕೂರುತ್ತೆ. ನೈಲಾನ್ ದಾರ, ಕರಾವಳಿ ಕಡೆ ತಂಗೂಸು ಅಂತಾರಲ್ಲ, ಅದು ನುಣುಪು. ಅದೇ ಗಂಟನ್ನ ಮೇಲಿಂದ ಮೇಲೆ ನಾಲ್ಕು ಸಲ ಹಾಕಿದರೆ ಗಂಟು ದಪ್ಪ ಆಗುತ್ತೆ ಅಷ್ಟೆ.

ಯೂಟ್ಯೂಬಲ್ಲಿ ಹತ್ತಾರು ಗಂಟು ತೋರಿಸ್ತಾರೆ. ನನ್ನ ಕೇಳಿದ್ರೆ ಒಂದೇ ಸಾಕು: ಡಬಲ್ ಯೂನಿ. ಎರಡು ದಾರದ ತುದಿಗಳನ್ನ ಎದುರುಬದುರಾಗಿ ಒಂದು ಗೇಣಿನಷ್ಟು ಪಕ್ಕಪಕ್ಕ ಇಟ್ಕೊಳ್ಳಿ. ಒಂದು ತುದಿಯನ್ನ ಹಿಂದಕ್ಕೆ ಮಡಚಿ ಕುಣಿಕೆ ಮಾಡಿ. ಅದೇ ತುದಿಯನ್ನ ಕುಣಿಕೆಯೊಳಗಿಂದ ತೂರಿಸುತ್ತಾ ಎರಡೂ ದಾರಗಳನ್ನ ಸೇರಿಸಿ 5 ಸಲ ಸುತ್ತಿ, ಮೆಲ್ಲಗೆ ಎಳೀರಿ. ಇನ್ನೊಂದು ತುದಿಗೂ ಹೀಗೇ. ಈಗ ಎರಡು ಗಂಟು ಆದವು. ಒದ್ದೆ ಮಾಡಿ, ಉದ್ದ ದಾರಗಳನ್ನ ಎರಡೂ ಕಡೆಗೆ ಎಳೆದರೆ ಗಂಟುಗಳು ಜಾರಿ ಬಂದು ಒಂದಕ್ಕೊಂದು ಒತ್ತಿ ಕೂರ್ತವೆ.

ಒದ್ದೆ ಮಾಡೋದನ್ನ ಮಾತ್ರ ಮರೀಬೇಡಿ, ಹೊಂಡದ ನೀರಾದರೂ ಸರಿ. ಒಣ ದಾರ ಉಜ್ಜಿ ಬಿಸಿಯಾದರೆ ಅಲ್ಲೇ ಬಲ ಹೋಗುತ್ತೆ. ಹೆಣೆದ ದಾರ ಇದ್ದರೆ ಅದರ ಕಡೆ 8 ಸುತ್ತು ಹಾಕಿ. ಬ್ಲಡ್ ನಾಟ್ ಇದಕ್ಕಿಂತ ಸಣ್ಣದು, ಚಂದ ಅಂತ ನನ್ನ ಗೆಳೆಯನ ವಾದ. ಇರಬಹುದು, ಆದರೆ ಒಂದು ದಾರ ದಪ್ಪ ಇನ್ನೊಂದು ಸಣ್ಣ ಇದ್ದರೆ ಅದು ಸರಿ ಕೂರಲ್ಲ. ನಮ್ಮಲ್ಲಿ ಒಂದೇ ದಪ್ಪದ ದಾರ ಯಾರ ಹತ್ರ ಇರುತ್ತೆ ಹೇಳಿ! ಮೊದಲು ಎರಡು ಬಣ್ಣದ ಪ್ಲಾಸ್ಟಿಕ್ ಹಗ್ಗದಲ್ಲಿ ಕಲೀರಿ, ಕಣ್ಣಿಗೆ ಕಾಣುತ್ತೆ. ಬಿಸಿಲಿಗೆ ಬೆಳ್ಳಗಾಗಿ ಒರಟಾದ ದಾರಕ್ಕೆ ಯಾವ ಗಂಟೂ ಬೇಡ, ಬಿಸಾಕಿ.

ಒಂದು ಮೀನು ಹೋದರೆ ಏನೀಗ ಅಂತೀರಾ? ಬಾಯಲ್ಲಿ ಕೊಕ್ಕೆ ಇಟ್ಕೊಂಡು, ಹಿಂದೆ ಮಾರುದ್ದ ದಾರ ಎಳ್ಕೊಂಡು ಅದು ಓಡಾಡ್ತಿರುತ್ತೆ. ಆ ದಾರ ನೀರುಕಾಗೆ ಕಾಲಿಗೆ ಸುತ್ತಬಹುದು, ಪಂಪಿನ ಫುಟ್‌ವಾಲ್ವ್‌ಗೂ ಸುತ್ತಬಹುದು. ಗಂಟು ಹಾಕಿದ ಮೇಲೆ ಕೈಗೆ ಬಟ್ಟೆ ಸುತ್ತಿ ಜೋರಾಗಿ ಎಳೆದು ನೋಡಿ, ಜಾರಿದರೆ ಅಲ್ಲೇ ಜಾರಲಿ. ಕತ್ತರಿಸಿದ ತುಂಡು ಜೇಬಿಗೆ ಹಾಕ್ಕೊಳ್ಳಿ. ದಡದಲ್ಲಿ ಬಿಟ್ಟರೆ ಮೇವಿನ ಜೊತೆ ದನದ ಹೊಟ್ಟೆಗೆ ಹೋಗುತ್ತೆ.