ಬಿಳಿ ದೀಪದ ಮೋಹವೂ ಎದುರಿನವರ ಕಣ್ಣೂ



ಸಂಘದ ಮಾರಾಟ ಮಳಿಗೆಯಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತಗಳ ಜೊತೆಗೆ ವಾಹನಗಳ ಬ್ಯಾಟರಿ, ಟೈರುಗಳನ್ನೂ ಇಡುತ್ತಿರುವುದು ತಮಗೆಲ್ಲ ತಿಳಿದ ವಿಷಯ. ಈಗ ಕೆಲವು ಸದಸ್ಯರು ಕಾರು, ಜೀಪುಗಳಿಗೆ ಹೊರಗಿನಿಂದ ಹಾಕಿಸುವ ಝೆನಾನ್ ಹೆಡ್‌ಲೈಟಿನ ಕಿಟ್ಟುಗಳನ್ನೂ ತರಿಸಿ, ಕಂತಿನ ಮೇಲೆ ಕೊಡಬೇಕೆಂದು ಬರೆದುಕೊಟ್ಟಿದ್ದಾರೆ. ಈ ವಿಷಯ ಆಡಳಿತ ಮಂಡಲಿಯ ಮುಂದೆ ಬರಲಿದೆ. ಅದಕ್ಕೆ ಮೊದಲು ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇನೆ. ಸಂಘವು ಈ ಕಿಟ್ಟುಗಳನ್ನು ಮಾರಬಾರದು, ಸದಸ್ಯರೂ ಹಾಕಿಸಬಾರದು. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಈ ಬೇಡಿಕೆ ಹುಟ್ಟಿದ್ದು ನಮ್ಮ ತೋಟದ ದಾರಿಗಳಲ್ಲಿ ಅಲ್ಲ, ಬೆಂಗಳೂರಿನ ಉತ್ತರ ಭಾಗದಲ್ಲಿ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳ, ಯಲಹಂಕ, ಕೋಗಿಲುಗಳ ಸುತ್ತ ಊರು ಬೆಳೆದ ರೀತಿ ತಮಗೆ ಗೊತ್ತಿದೆ. ಕೃಷಿ ಮೇಳಕ್ಕೆಂದು ಜಿಕೆವಿಕೆಗೆ ಹೋದವರೆಲ್ಲ ಆ ಬಳ್ಳಾರಿ ರಸ್ತೆಯನ್ನು ಕಂಡವರೇ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಆ ಕಡೆ ಕೆಲಸದಲ್ಲಿದ್ದು, ಕೋಗಿಲಿನಂಥ ಬಡಾವಣೆಗಳಲ್ಲಿ ಮನೆ ಮಾಡಿದ್ದಾರೆ. ಕಾರು ಕೊಂಡ ಮೊದಲ ವರ್ಷದಲ್ಲೇ ಜೆ.ಸಿ. ರಸ್ತೆಗೋ ಮನೆಯ ಹತ್ತಿರದ ಅಂಗಡಿಗೋ ಹೋಗಿ ಹಾಲಿನಷ್ಟು ಬಿಳಿಯ, ಕೆಲವೊಮ್ಮೆ ನೀಲಿಗೆ ತಿರುಗಿದ ದೀಪ ಹಾಕಿಸಿಕೊಳ್ಳುತ್ತಾರೆ. ಹೆಬ್ಬಾಳದಿಂದ ಕೋಗಿಲು ಕ್ರಾಸಿನವರೆಗೆ ಬೀದಿ ದೀಪಗಳಿವೆ, ರಸ್ತೆಯ ನಡುವೆ ವಿಭಜಕವಿದೆ. ಅಲ್ಲಿ ಕಂಪನಿ ಕೊಟ್ಟ ದೀಪವೇ ಸಾಕು, ಬಿಳಿ ದೀಪ ಬರೀ ಅಲಂಕಾರ. ಶುಕ್ರವಾರ ರಾತ್ರಿ ಅದೇ ಕಾರು ನೆಲಮಂಗಲ, ಹಾಸನ ದಾಟಿ ಸಕಲೇಶಪುರದ ಕಡೆಗೆ ಬರುತ್ತದೆ. ಹೆದ್ದಾರಿ ಬಿಟ್ಟು ಒಂದೂವರೆ ವಾಹನ ಅಗಲದ ನಮ್ಮ ರಸ್ತೆಗೆ ತಿರುಗಿದಾಗ ಆ ಅಲಂಕಾರ ಅಪಾಯವಾಗುತ್ತದೆ.

ಆಗ ಎದುರಿಗೆ ಬರುವವರು ಯಾರು? ಮಕ್ಕಳು ಪಟ್ಟಣ ಸೇರಿದ ಮೇಲೆ ನಮ್ಮಲ್ಲಿ ಸಂಜೆಯ ಹೊತ್ತು ಜೀಪು ಓಡಿಸುವವರು ಬಹುಪಾಲು ಐವತ್ತು, ಅರವತ್ತು ದಾಟಿದವರು. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಒಳಗೆ ಬಿದ್ದ ಬೆಳಕು ಚದರುತ್ತದೆ, ಕೋರೈಸಿದ ಮೇಲೆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ. ಪೊರೆ ಬರತೊಡಗಿದವರ ಪಾಡು ಹೇಳುವುದೇ ಬೇಡ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಜೀಪು ಎರಡು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆ. 60ರಲ್ಲಿದ್ದರೆ 33 ಮೀಟರ್. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಓಡಿಸಿದಂತೆಯೇ ಸರಿ. ಕುಯ್ಲಿನ ದಿನಗಳಲ್ಲಿ ಆ 22 ಮೀಟರಿನಲ್ಲಿ ಕೆಲಸ ಮುಗಿಸಿ ರಸ್ತೆ ಅಂಚಿನಲ್ಲಿ ಲೈನಿಗೆ ನಡೆದು ಹೋಗುವ ಆಳುಗಳಿರುತ್ತಾರೆ, ತಲೆಯ ಮೇಲೆ ಸೌದೆ ಹೊತ್ತ ಹೆಂಗಸರಿರುತ್ತಾರೆ, ಹಿಂದೆ ಕೆಂಪು ದೀಪವಿಲ್ಲದ ಸೈಕಲ್ಲಿರುತ್ತದೆ. ಹೀಗೆ ಕಣ್ಣಿಗೆ ಬೆಳಕು ಬಡಿಸಿಕೊಂಡವರು ಒಬ್ಬರಾದರೆ, ಪ್ರಾಣಕ್ಕೆ ಸಂಚಕಾರ ಬರುವುದು ಮೂರನೆಯವರಿಗೆ.

ಇನ್ನು ದೀಪದ ವಿಚಾರ. ನಮ್ಮ ಹೆಚ್ಚಿನ ವಾಹನಗಳಲ್ಲಿರುವುದು ಎಚ್4 ಎಂಬ ಹ್ಯಾಲೊಜೆನ್ ಬಲ್ಬು: 12 ವೋಲ್ಟು, 60/55 ವ್ಯಾಟು. ಡಿಮ್ ಮಾಡಿದಾಗ ಅದು ಸುಮಾರು 1000 ಲ್ಯೂಮೆನ್ ಬೆಳಕು ಕೊಡುತ್ತದೆ. ಝೆನಾನ್ ದೀಪದಲ್ಲಿ ತಂತಿಯೇ ಇಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ಝೆನಾನ್ ಅನಿಲ ಮತ್ತು ಲೋಹದ ಲವಣಗಳಿದ್ದು, ಎರಡು ತುದಿಗಳ ನಡುವೆ ವಿದ್ಯುತ್ತಿನ ಕಿಡಿ ಉರಿಯುತ್ತದೆ. ಅದನ್ನು ಹೊತ್ತಿಸಲು ಬ್ಯಾಲಸ್ಟ್ ಎಂಬ ಪೆಟ್ಟಿಗೆ ಕ್ಷಣಮಾತ್ರ 20,000 ವೋಲ್ಟಿಗೂ ಮೀರಿದ ಒತ್ತಡ ಕೊಡುತ್ತದೆ. ಹೊತ್ತಿದ ಮೇಲೆ 35 ವ್ಯಾಟಿನಲ್ಲಿ ಸುಮಾರು 3200 ಲ್ಯೂಮೆನ್ ಬೆಳಕು. ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಮೂರು ಪಟ್ಟು ಬೆಳಕು. ಅಂಗಡಿಯವರು ಹೇಳುವ ಈ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು.

ಉಳಿದರ್ಧ ಇದು. ಹೆಡ್‌ಲೈಟಿನ ಬಟ್ಟಲನ್ನು ಹ್ಯಾಲೊಜೆನ್ ಬಲ್ಬಿನ ತಂತಿ ಎಲ್ಲಿ ಕುಳಿತಿದೆಯೋ ಆ ಜಾಗಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ ಮಾಡಿರುತ್ತಾರೆ. ಎಚ್4 ಬಲ್ಬಿನ ಒಳಗೆ ಡಿಮ್ ತಂತಿಯ ಕೆಳಗೆ ಚಿಕ್ಕದೊಂದು ಲೋಹದ ದೊನ್ನೆಯಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಝೆನಾನಿನ ಕಿಡಿಯ ಆಕಾರ ಬೇರೆ, ಕೂರುವ ಜಾಗ ಬೇರೆ. ಹಾಗಾಗಿ ಅದರ ಬೆಳಕನ್ನು ಆ ಬಟ್ಟಲು ಸರಿಯಾಗಿ ಕೆಳಗೆ ಹಾಸಲಾರದೆ ಮೇಲಕ್ಕೂ ಬದಿಗೂ ಎರಚುತ್ತದೆ. ಬೋರ್ಡೋ ಹೊಡೆಯುವಾಗ ಗನ್ನಿಗೆ ಹೊಂದದ ನಾಜಲ್ ಹಾಕಿ ಪಂಪಿನ ಒತ್ತಡ ಹೆಚ್ಚಿಸಿದರೆ ಏನಾಗುತ್ತದೆ? ಗೊನೆಗೆ ಬೀಳಬೇಕಾದ ದ್ರಾವಣ ಹೊಡೆಯುವವನ ಮೈಮೇಲೂ ಪಕ್ಕದ ತೋಟದ ಮೇಲೂ ಬೀಳುತ್ತದೆ. ಇದೂ ಅಷ್ಟೇ. ಈಗ ಝೆನಾನಿನ ಜಾಗಕ್ಕೆ ಎಲ್‌ಇಡಿ ಬಲ್ಬುಗಳು ಬಂದಿವೆ. ಹೆಸರು ಬೇರೆ, ಹ್ಯಾಲೊಜೆನ್ ಬಟ್ಟಲಿಗೆ ತುರುಕಿದರೆ ರೋಗ ಒಂದೇ.

ಹಾಗಾದರೆ ದೊಡ್ಡ ಕಾರುಗಳಲ್ಲಿ ಕಾರ್ಖಾನೆಯಿಂದಲೇ ಝೆನಾನ್ ಬರುತ್ತದಲ್ಲ ಎಂದು ಕೇಳಬಹುದು. 1991ರಲ್ಲಿ ಜರ್ಮನಿಯ ಬಿಎಂಡಬ್ಲ್ಯು 7 ಸರಣಿಯಲ್ಲಿ ಮೊದಲು ಬಂದ ಈ ದೀಪಕ್ಕೆ ಅದರದೇ ಬಟ್ಟಲು ಅಥವಾ ಪ್ರೊಜೆಕ್ಟರ್ ಇರುತ್ತದೆ. ಯುರೋಪಿನ ನಿಯಮದಲ್ಲಿ 2000 ಲ್ಯೂಮೆನ್ ಮೀರಿದ ದೀಪವಿದ್ದರೆ ಎರಡು ವ್ಯವಸ್ಥೆ ಕಡ್ಡಾಯ: ಹೊರೆ ಬಿದ್ದಂತೆ ದೀಪವನ್ನು ತಾನೇ ಕೆಳಗಿಳಿಸುವ ಸಾಧನ ಮತ್ತು ಗಾಜನ್ನು ತೊಳೆಯುವ ಸಾಧನ. ಅಂಗಡಿಯ ಕಿಟ್ಟಿನಲ್ಲಿ ಇವೆರಡೂ ಇರುವುದಿಲ್ಲ, ನಮ್ಮ ಕಡೆ ಹೆಚ್ಚು ಬೇಕಾದವು ಇವೆರಡೇ. ಮಳೆಗಾಲದಲ್ಲಿ ಕೆಸರು ಮೆತ್ತಿದ ಗಾಜು ಬೆಳಕನ್ನು ದಿಕ್ಕಾಪಾಲು ಚದುರಿಸುತ್ತದೆ. ಜೀಪಿನ ಹಿಂದೆ ಕಾಫಿ ಚೀಲ ಹೇರಿದಾಗ ಮೂತಿ ಮೇಲೇಳುತ್ತದೆ. ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಉದ್ದದ ಗಾಲಿಯಂತರದಲ್ಲಿ ಹಿಂಭಾಗ ಐದು ಸೆಂಟಿಮೀಟರ್ ತಗ್ಗಿದರೆ, 25 ಮೀಟರ್ ಮುಂದೆ ಬೆಳಕು ಅರ್ಧ ಮೀಟರ್ ಮೇಲೆ ಹೋಗಿರುತ್ತದೆ. ಎದುರಿನ ಚಾಲಕನ ಎದೆಗೆ ಬೀಳುತ್ತಿದ್ದುದು ಕಣ್ಣಿಗೇ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕೋರೈಸದಂತೆ ಬೆಳಕು ಕೆಳಗೆ ಬಾಗಿರಬೇಕು, ಇಲ್ಲವೇ ಚಾಲಕ ಬಾಗಿಸುವಂತಿರಬೇಕು. ಹಿಂದೆ ಹೆಡ್‌ಲೈಟಿನ ಗಾಜಿಗೆ ಕಪ್ಪು ಬೊಟ್ಟು ಇಡುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಅದರ ಉದ್ದೇಶವೂ ಇದೇ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ವಿವರಣೆಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಲಮನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸುವ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಸೇರಿಸಲಾಗಿದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ಕೈಗೊಂಡರು. ಕಾನೂನು ಒಪ್ಪದ ವಸ್ತುವನ್ನು ಸಹಕಾರ ಸಂಘವೊಂದು ಕಂತಿನ ಮೇಲೆ ಹಂಚುವುದು ಎಷ್ಟರ ಮಟ್ಟಿಗೆ ಸರಿ, ತಾವೇ ಯೋಚಿಸಿ.

ವಿರೋಧದ ಮಾತುಗಳನ್ನೂ ನಾನು ಕೇಳಿದ್ದೇನೆ. "ಕಾರ್ಯದರ್ಶಿಗಳೇ, ರಸ್ತೆಯ ಮೇಲೆ ಆನೆ ನಿಂತಿರುತ್ತದೆ, ನಮಗೆ ಬೆಳಕು ಬೇಡವೇ?" ಎನ್ನುತ್ತಾರೆ. ಸಕಲೇಶಪುರ, ಆಲೂರು, ಮೂಡಿಗೆರೆಗಳಲ್ಲಿ ಬದುಕುವವರ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕತ್ತಲಲ್ಲಿ ಆನೆ ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ. ಆದರೆ ಹೊಂದದ ಬಟ್ಟಲಿನ ಝೆನಾನ್ ಕಾರಿನ ಮೂಗಿನ ಕೆಳಗಿನ ರಸ್ತೆಯನ್ನೇ ಬೆಳ್ಳಗೆ ಬೆಳಗುತ್ತದೆ. ಹತ್ತಿರದ ಬೆಳಕಿಗೆ ನಮ್ಮ ಪಾಪೆ ಕಿರಿದಾಗಿ, ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಆನೆ ಇರುವುದು ಆ ಕತ್ತಲಲ್ಲೇ. ಎದುರಿಗೆ ಯಾರೂ ಇಲ್ಲದಾಗ ಹೈಬೀಮ್ ಹಾಕಿಕೊಂಡು ನಿಧಾನ ಹೋಗುವುದೇ ಅದಕ್ಕೆ ಮದ್ದು.

ಮಂಜಿಗೆ ಬಿಳಿ ದೀಪ ಒಳ್ಳೆಯದು ಎಂಬುದು ಇನ್ನೊಂದು ನಂಬಿಕೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹು ದೊಡ್ಡವು, ಬಣ್ಣ ಬದಲಾಯಿಸಿದ ಮಾತ್ರಕ್ಕೆ ಹೆಚ್ಚು ವ್ಯತ್ಯಾಸವಾಗದು. ಮುಖ್ಯವಾದುದು ದೀಪ ತಗ್ಗಿನಲ್ಲಿರಬೇಕು, ಬೆಳಕಿನ ಮೇಲಂಚು ಕತ್ತರಿಸಿದಂತಿರಬೇಕು. ಮೇಲಕ್ಕೆ ಚದುರುವ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಬೆಳಕು ಹೆಚ್ಚಿದಷ್ಟೂ ಎದುರಿನ ಗೋಡೆ ಬೆಳ್ಳಗಾಗುತ್ತದೆ.

"ಎಲ್ಲರೂ ಹಾಕಿಸಿದ್ದಾರೆ, ನಾನೊಬ್ಬ ಬಿಟ್ಟರೇನು?" ಎನ್ನುವವರಿಗೆ ಒಂದೇ ಉತ್ತರ. ಪಟ್ಟಣದ ರಸ್ತೆಯಲ್ಲಿ ಎದುರಿನವನು ಅಪರಿಚಿತ. ನಮ್ಮ ರಸ್ತೆಯಲ್ಲಿ ಎದುರಿಗೆ ಬರುವವನು ಪಕ್ಕದ ತೋಟದವನು, ಸಂಘಕ್ಕೆ ಅಡಿಕೆ ತರುವ ಸದಸ್ಯ, ನಮ್ಮ ಮನೆಗೇ ಬರುತ್ತಿರುವ ನೆಂಟ.

ಬೆಳಕು ಸಾಲದು ಎಂಬ ದೂರು ಮಾತ್ರ ನಿಜ. ಅದಕ್ಕೆ ಕಡಿಮೆ ಖರ್ಚಿನ, ಕಾನೂನಿಗೆ ಒಪ್ಪುವ ದಾರಿಗಳಿವೆ.

ಮೊದಲು ಗಾಜು ನೋಡಿ. ಹೊಸ ಮಾದರಿಯ ಪ್ಲಾಸ್ಟಿಕ್ ಗಾಜು ಬಿಸಿಲಿಗೆ ಹಳದಿಗಟ್ಟುತ್ತದೆ. ಪಾಲಿಶ್ ಮಾಡಿಸಿದರೆ ಕಳೆದುಕೊಂಡ ಬೆಳಕಿನ ಬಹುಭಾಗ ಮರಳಿ ಬರುತ್ತದೆ. ಒಳಗಿನ ಬಟ್ಟಲಿನ ಬೆಳ್ಳಿ ಲೇಪ ಕಿತ್ತು ಹೋಗಿದ್ದರೆ ಹೆಡ್‌ಲೈಟನ್ನೇ ಬದಲಿಸಬೇಕು.

ಎರಡನೆಯದು ವೈರಿಂಗ್. ಹಳೆಯ ಜೀಪುಗಳಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಸ್ವಿಚ್ಚಿನವರೆಗೆ ಹೋಗಿ, ತೆಳುವಾದ ತಂತಿಯಲ್ಲಿ ಬಲ್ಬಿಗೆ ಬರುತ್ತದೆ. ದಾರಿಯಲ್ಲಿ ವೋಲ್ಟು ಸೋರುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಶೇಕಡಾ 10 ವೋಲ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆಯಾಗುತ್ತದೆ. ಒಳ್ಳೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ರಿಲೇ ಹಾಕಿಸಿ, ದಪ್ಪ ತಂತಿ ಎಳೆಸಿ, ಅರ್ತ್ ಬಿಗಿ ಮಾಡಿಸಿದರೆ, ಇದ್ದ ಬಲ್ಬೇ ಹೊಸದಾದಂತೆ ಉರಿಯುತ್ತದೆ. ಬಲ್ಬು ಮಾತ್ರ ಹೆಸರಿರುವ ಕಂಪನಿಯದು, 60/55 ವ್ಯಾಟಿನದೇ ಇರಲಿ. 100 ವ್ಯಾಟಿನದು ಹಾಕಿದರೆ ಹೋಲ್ಡರ್ ಕರಗೀತು.

ಮೂರನೆಯದು ದಿಕ್ಕು. ಸಮತಟ್ಟಾದ ಕಣದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ, ದೀಪದ ಎತ್ತರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಡಗಡೆ ಅಂಚು ಸ್ವಲ್ಪ ಮೇಲೇರಿರುತ್ತದೆ, ಅದು ರಸ್ತೆಯ ಎಡಬದಿಯಲ್ಲಿ ನಡೆಯುವವರನ್ನು ತೋರಿಸಲು. ಡ್ಯಾಶ್‌ಬೋರ್ಡಿನಲ್ಲಿ ದೀಪ ಇಳಿಸುವ ಗುಂಡಿಯಿದ್ದರೆ ಚೀಲ ಹೇರಿದ ದಿನ ತಪ್ಪದೆ ಇಳಿಸಿ.

ಆದ್ದರಿಂದ ಆಡಳಿತ ಮಂಡಲಿಯ ಮುಂದೆ ನಾನು ಇಡಲಿರುವ ಸಲಹೆ ಇಷ್ಟು. ಝೆನಾನ್ ಕಿಟ್ಟುಗಳನ್ನಾಗಲಿ, ಎಲ್‌ಇಡಿ ಬಲ್ಬುಗಳನ್ನಾಗಲಿ ಮಳಿಗೆಗೆ ತರಿಸುವುದು ಬೇಡ. ಅದರ ಬದಲು ಒಳ್ಳೆಯ ಎಚ್4 ಬಲ್ಬು, ರಿಲೇ, ವೈರುಗಳನ್ನು ಇಡೋಣ. ಕುಯ್ಲು ಆರಂಭವಾಗುವ ಮೊದಲು ಸಂಘದ ಕಣದಲ್ಲಿ ಒಂದು ದಿನ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಸಂಘದ ವಾಹನಗಳಿಂದಲೇ ಆರಂಭಿಸಿ ಸದಸ್ಯರೆಲ್ಲರ ಗಾಡಿಗಳ ದೀಪವನ್ನು ಗೋಡೆಗೆ ಹಿಡಿದು ಸರಿಪಡಿಸಿ ಕೊಡೋಣ. ಖರ್ಚು ಒಂದು ಚೀಲ ಗೊಬ್ಬರದಷ್ಟೂ ಆಗಲಾರದು. ಕೋಗಿಲು, ಯಲಹಂಕಗಳಿಂದ ಹಬ್ಬಕ್ಕೆ ಬರುವ ಮಕ್ಕಳಿಗೂ ಹೇಳಿ ಕಳಿಸಿ, ಅವರ ಕಾರಿಗೂ ಕಣದಲ್ಲಿ ಜಾಗವಿದೆ.

ಒಪ್ಪದವರು ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.

– ಕಾರ್ಯದರ್ಶಿ