ಬಿ. ಎ. ತರಗತಿಗೆ ತತ್ತ್ವಜ್ಞಾನವೇಕೆ?

ಪದವಿಯ ತರಗತಿಗಳು ಆರಂಭವಾಗುವ ಹೊತ್ತಿಗೆ ನಮ್ಮ ಕಚೇರಿಗೆ ಕಕ್ಷಿದಾರರಲ್ಲದೆ ಕೆಲವರು ತಂದೆತಾಯಿಗಳೂ ಬರುವದುಂಟು. ಈ ಸಲ ಬಂದ ಗೃಹಸ್ಥರೊಬ್ಬರ ಮುಖವು ಬಾಡಿತ್ತು. ಮಗನು ಬಿ. ಎ.ಗೆ ತತ್ತ್ವಜ್ಞಾನವನ್ನೇ ತೆಗೆದುಕೊಳ್ಳುವೆನೆಂದು ಹಟ ಹಿಡಿದಿರುವನಂತೆ. “ವಕೀಲ ಸಾಹೇಬರೇ, ಜಗತ್ತು ಸತ್ಯವೋ ಮಿಥ್ಯವೋ ಎಂದು ಕಲಿತು ಬಂದವನಿಗೆ ಅನ್ನ ಹಾಕುವವರು ಯಾರು?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಗೆಯಾಡಿ ತಳ್ಳುವದು ಸಲ್ಲದು. ಹೊಟ್ಟೆಯ ಚಿಂತೆಯು ಹೀನವಾದ ಚಿಂತೆಯಲ್ಲ.

ಡಾ. ರಾಧಾಕೃಷ್ಣನ್ ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಈ ವಿಷಯವನ್ನು ಆರಿಸಿಕೊಂಡುದು ವೈರಾಗ್ಯದಿಂದಲ್ಲ, ಬಡತನದಿಂದ. ಅದೇ ವಿಷಯದಲ್ಲಿ ಪದವಿ ಪಡೆದ ಬಂಧುವೊಬ್ಬರು ತಮ್ಮ ಪುಸ್ತಕಗಳನ್ನು ಕೊಟ್ಟರು. ಓದುವ ವಿಷಯವು ಅದರಿಂದಲೇ ಗೊತ್ತಾಯಿತು! ವೇದಾಂತದಲ್ಲಿ ನೀತಿಗೆ ಇಂಬಿಲ್ಲವೆಂಬ ಪಾದ್ರಿಗಳ ಆಕ್ಷೇಪಣೆಗೆ ಉತ್ತರವಾಗಿ ಅವರು ಎಂ. ಎ. ಪ್ರಬಂಧವನ್ನು ಬರೆದರು, 1918ರಿಂದ 1921ರ ವರೆಗೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದರು, 1962ರಲ್ಲಿ ರಾಷ್ಟ್ರಪತಿಗಳಾದರು. ಆದರೆ ಅವರೊಬ್ಬರನ್ನು ತೋರಿಸಿ ಎಲ್ಲ ಹುಡುಗರಿಗೂ ಆಸೆ ಹಚ್ಚುವದು ವಕೀಲಿಯ ಮಾತಾದೀತೇ ಹೊರತು ಪ್ರಾಮಾಣಿಕವಾದ ಮಾತಾಗಲಾರದು. ಈ ಪದವಿಯೊಂದರಿಂದಲೇ ನೌಕರಿಯು ದೊರೆಯುವದು ದುರ್ಲಭವು. ಶಿಕ್ಷಕನಾಗಲು ಮುಂದೆಯೂ ಓದಬೇಕು. ಮೂರು ವರ್ಷದ ಕಾನೂನು ಪದವಿಗೆ ಯಾವ ವಿಷಯದ ಪದವೀಧರನಾದರೂ ಸೇರಬಹುದು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಇದೂ ಒಂದು ಐಚ್ಛಿಕ ವಿಷಯವಾಗಿದೆ. ಅನ್ನದ ಲೆಕ್ಕವು ಇಷ್ಟೇ.

ಹಾಗಾದರೆ ಲಾಭವೇನು? ನಮ್ಮ ಕಸಬಿನಿಂದಲೇ ಹೇಳುವೆವು. ಕೊಲೆಯಾದ ಸ್ಥಳದಿಂದ ಒಬ್ಬನು ಓಡಿಹೋದುದನ್ನು ಸಾಕ್ಷಿಯು ಕಂಡನೆನ್ನೋಣ. “ಓಡಿದನು, ಆದುದರಿಂದ ಇವನೇ ಕೊಂದನು” ಎಂದು ಊರೆಲ್ಲ ಆಡಿಕೊಳ್ಳುವದು. ಬೆಟ್ಟದಲ್ಲಿ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬ ಅನುಮಾನವನ್ನು ನ್ಯಾಯಶಾಸ್ತ್ರವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನಗಳೆಂದು ಐದು ಅವಯವಗಳಾಗಿ ಬಿಡಿಸಿಡುವದು. ಹೊಗೆಯು ಬೆಂಕಿಯಿಲ್ಲದೆ ಹುಟ್ಟದು. ಆದರೆ ಓಟವು ಕೊಲೆಯಿಲ್ಲದೆಯೂ ಹುಟ್ಟೀತು. ಹೆದರಿದವನೂ ಓಡುವನು, ವೈದ್ಯನನ್ನು ಕರೆಯಹೋದವನೂ ಓಡುವನು. ಇಂಥ ಹೇತುವಿಗೆ ನೈಯಾಯಿಕರು ಅನೈಕಾಂತಿಕವೆಂದು ಹೆಸರಿಟ್ಟರು. ಈ ಒಂದು ದೋಷವನ್ನು ಗುರುತಿಸಲು ಕಲಿತವನು ನ್ಯಾಯಾಲಯದಲ್ಲಿ ಮಾತ್ರವಲ್ಲ, ಚುನಾವಣೆಯ ಸಭೆಯಲ್ಲಿಯೂ ಮೋಸ ಹೋಗಲಾರನು.

ಆದರೆ ನಮ್ಮ ಕಾಲೇಜಿನಲ್ಲಿ ನಾವು ಕಲಿತದ್ದು ಹೀಗಲ್ಲ. ಗುರುಗಳು ಇಂಗ್ಲಿಷಿನಲ್ಲಿ ಟಿಪ್ಪಣಿಯನ್ನು ಹೇಳುವರು, ನಾವು ಬರೆದುಕೊಳ್ಳುವೆವು. ಕಾರ್ಯಕಾರಣ ಸಂಬಂಧವನ್ನೇ ಪ್ರಶ್ನಿಸಿದ ಹ್ಯೂಮನ ಸಂಶಯವನ್ನು ನಾವು ನಿಸ್ಸಂಶಯವಾಗಿ ಬಾಯಿಪಾಠ ಮಾಡಿ ತೇರ್ಗಡೆಯಾದೆವು. ಮನೆಗೆ ಬಂದು ಅದನ್ನೇ ಕನ್ನಡದಲ್ಲಿ ತಾಯಿಗೆ ತಿಳಿಸಹೋದಾಗ ಎರಡು ವಾಕ್ಯಗಳೂ ಹೊರಡಲಿಲ್ಲ. ಕನ್ನಡದಲ್ಲಿ ಶಬ್ದಗಳಿಲ್ಲವೆಂದು ಅಂದು ನೆವ ಹೇಳಿದೆವು. ನಿಜಗುಣ ಶಿವಯೋಗಿಗಳು ಹದಿನೈದನೆಯ ಶತಮಾನದಲ್ಲಿಯೇ ‘ವಿವೇಕಚಿಂತಾಮಣಿ’ಯಲ್ಲಿ ಶಾಸ್ತ್ರವಿಷಯಗಳನ್ನು ಕನ್ನಡ ಗದ್ಯದಲ್ಲಿ ಬರೆದಿಟ್ಟುದು ನಮಗೆ ತಿಳಿದುದು ಬಹಳ ತಡವಾಗಿ. ಶಬ್ದಗಳಿದ್ದವು; ನಮಗೆ ವಿಷಯವೇ ತಿಳಿದಿರಲಿಲ್ಲ.

ಎದುರಾಳಿಯ ಮಾತನ್ನು ಅವನೇ ಒಪ್ಪುವಂತೆ ಮೊದಲು ಹೇಳಿ, ಆ ಮೇಲೆ ಖಂಡಿಸುವದು ನಮ್ಮ ಶಾಸ್ತ್ರಕಾರರ ಪದ್ಧತಿಯು. ಇದಕ್ಕೆ ಪೂರ್ವಪಕ್ಷವೆನ್ನುವರು. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರದೆಂದು ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ವು ವೇದಾಂತಿಯ ಗ್ರಂಥವಾದರೂ ಅದರ ಮೊದಲನೆಯ ಅಧ್ಯಾಯವು ವೇದವನ್ನೇ ಅಲ್ಲಗಳೆದ ಚಾರ್ವಾಕನದು. ಅವನ ಬಾಯಿ ಮುಚ್ಚಿಸಿ ಗೆಲ್ಲಬೇಕೆಂದು ಆ ಗ್ರಂಥಕಾರರಿಗೆ ಅನಿಸಲಿಲ್ಲ. ಇಂದು ಎದುರಿನವನ ಮಾತು ಮುಗಿಯುವ ಮೊದಲೇ ಗದ್ದಲವೆಬ್ಬಿಸುವ ನಮ್ಮ ಸಭೆಗಳನ್ನು ಕಂಡಾಗ, ಹತ್ತೊಂಬತ್ತು ವರ್ಷದ ಹುಡುಗನಿಗೆ ಈ ಒಂದು ಅಭ್ಯಾಸವನ್ನು ಕಲಿಸಲು ಮೂರು ವರ್ಷಗಳು ಹೆಚ್ಚಾದವೆಂದು ಯಾರು ಹೇಳಿಯಾರು? ಪ್ಲೇಟೋವಿನ ಸಂವಾದಗಳನ್ನೂ ಇದರ ಜೊತೆಗಿಟ್ಟು ಓದಲಿ. ಆದರೆ ಓದಿದ್ದನ್ನು ತರಗತಿಯಲ್ಲಿ ಕನ್ನಡದಲ್ಲಿ ವಾದಿಸಲಿ. ಮನೆಮಾತಿನಲ್ಲಿ ಹೇಳಲು ಬಾರದುದು ತಿಳಿದಿಲ್ಲವೆಂದೇ ಅಧ್ಯಾಪಕರು ಎಣಿಸಲಿ.

ಗೃಹಸ್ಥರಿಗೆ ಇದನ್ನೆಲ್ಲ ಹೇಳಿದೆವು. ಅವರು ಪೂರ್ತಿಯಾಗಿ ಒಪ್ಪಲಿಲ್ಲ. ಅರ್ಥಶಾಸ್ತ್ರವನ್ನೂ ಜೊತೆಗೆ ತೆಗೆದುಕೊಳ್ಳುವದಾದರೆ ಆಗಲಿ ಎಂದರು. ಅದು ತಂದೆಯ ವಿವೇಕವು, ನಾವು ಎದುರಾಡಲಿಲ್ಲ. ಮರುದಿನ ಹುಡುಗನೇ ಬಂದನು. ಪ್ರೊ. ಹಿರಿಯಣ್ಣನವರು ಮೈಸೂರಿನಲ್ಲಿ ಮಾಡಿದ ಪಾಠಗಳಿಂದ ಬೆಳೆದು 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯ ನಮ್ಮ ಹಳೆಯ ಪ್ರತಿಯನ್ನು ಅವನ ಕೈಗಿಟ್ಟೆವು. ಅಂಚುಗಳಲ್ಲಿ ನಮ್ಮ ಬಾಯಿಪಾಠದ ಟಿಪ್ಪಣಿಗಳಿವೆ, ಅವನ್ನು ಓದಬೇಡವೆಂದು ಹೇಳಿ ಕಳುಹಿಸಿದೆವು.