ಸರಾಸರಿಯಲ್ಲಿ ಕಾಣದ ಹೆಣ್ಣುಮಕ್ಕಳು

‘ಅಜ್ಜಿಯ ಕಾಲದಲ್ಲಿ ಎಲ್ಲರಿಗೂ ಎಂಟು–ಹತ್ತು ಮಕ್ಕಳು’ ಎಂಬ ಮಾತನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ನಿಜಕ್ಕೂ ಎಲ್ಲರಿಗೂ ಇದ್ದರೇ? ಹತ್ತು ಹೆತ್ತವಳನ್ನು ನೆನೆಯಲು ಮಕ್ಕಳು, ಮೊಮ್ಮಕ್ಕಳ ದಂಡೇ ಇದೆ. ಒಂದನ್ನೇ ಹೆತ್ತವಳಿಗೆ ಒಂದೇ ಕವಲು. ಮಕ್ಕಳಾಗದವಳನ್ನು, ಎಳೆಯ ವಯಸ್ಸಿನಲ್ಲೇ ವಿಧವೆಯಾದವಳನ್ನು ‘ನಮ್ಮಜ್ಜಿ’ ಎಂದು ಹೇಳಿಕೊಳ್ಳಲು ಯಾರೂ ಇಲ್ಲ. ಹಾಗಾಗಿ ಅವರ ಬದುಕು ಮನೆತನದ ಕಥೆಗಳಲ್ಲಿ ಸೇರಲೇ ಇಲ್ಲ.

ಸಣ್ಣ ಲೆಕ್ಕವೊಂದನ್ನು ಮಾಡೋಣ. ಒಂದು ಬೀದಿಯಲ್ಲಿ 10 ಮಹಿಳೆಯರು ಇದ್ದಾರೆ ಎಂದುಕೊಳ್ಳಿ. ಇಬ್ಬರಿಗೆ ಮಕ್ಕಳಿಲ್ಲ. ಮೂವರಿಗೆ ಒಂದೊಂದು, ಮೂವರಿಗೆ ಎರಡೆರಡು, ಒಬ್ಬಳಿಗೆ ನಾಲ್ಕು, ಮತ್ತೊಬ್ಬಳಿಗೆ ಐದು. ಒಟ್ಟು 18 ಮಕ್ಕಳು, ಸರಾಸರಿ 1.8. ಆದರೆ ಅವರಲ್ಲಿ ಅರ್ಧದಷ್ಟು, ಅಂದರೆ 9 ಮಕ್ಕಳನ್ನು ಹೆತ್ತವರು ಇಬ್ಬರೇ! ಅದೇ ಮಕ್ಕಳನ್ನು ‘ನೀವು ಮನೆಯಲ್ಲಿ ಎಷ್ಟು ಜನ ಮಕ್ಕಳು?’ ಎಂದು ಕೇಳಿದರೆ ಉತ್ತರಗಳ ಸರಾಸರಿ 3ನ್ನು ದಾಟುತ್ತದೆ. ಐದು ಮಕ್ಕಳ ಮನೆಯಿಂದ ‘ಐದು’ ಎಂಬ ಉತ್ತರ ಐದು ಸಲ ಬರುತ್ತದೆ. ಮಕ್ಕಳಿಲ್ಲದ ಮನೆಯಿಂದ ಉತ್ತರವೇ ಬರುವುದಿಲ್ಲ. ಜನಸಂಖ್ಯಾ ತಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ ಈ ಅಂತರವನ್ನು 1976ರಲ್ಲೇ ವಿವರಿಸಿದ್ದರು.

ಇಂದಿನ ಅಂಕಿಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1992–93ರಲ್ಲಿ ಸುಮಾರು 2.9 ಇತ್ತು, 2019–21ರಲ್ಲಿ 1.7ಕ್ಕೆ ಇಳಿದಿದೆ. ಆದರೆ ದೇಶದಲ್ಲಿ ಶಾಲೆಯ ಮುಖವನ್ನೇ ನೋಡದ ಮಹಿಳೆಯರಲ್ಲಿ ಈ ದರ 2.8, ಪಿಯುಸಿ ಮುಗಿಸಿದವರಲ್ಲಿ 1.8. ಅಂದರೆ ಓದು ಸಿಗದವಳ ಮೈಮೇಲೆಯೇ ಹೆಚ್ಚು ಹೆರಿಗೆಗಳು. ಹೆರುವುದನ್ನು ನಿಲ್ಲಿಸುವ ಹೊರೆಯೂ ಹೆಣ್ಣಿನದೇ. ಅದೇ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಮಹಿಳೆಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 37.9, ಗಂಡನೇ ಮಾಡಿಸಿಕೊಂಡ ಪ್ರಮಾಣ ಶೇ 0.3.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವನ್ನು ಆಂಧ್ರಪ್ರದೇಶ 2024ರಲ್ಲಿ ಕೈಬಿಟ್ಟಿತು. ಹೆಚ್ಚು ಮಕ್ಕಳನ್ನು ಹೊಂದಿ ಎಂದು ಅಲ್ಲಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಕರೆಯನ್ನೂ ಕೊಟ್ಟರು. ಕರೆ ಕೊಡುವುದು ಸುಲಭ. ಆದರೆ ಯಾರು ಹೆರಬೇಕು, ಹೆತ್ತವಳ ಕೆಲಸ ಉಳಿಸುವವರು ಯಾರು?

2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ಇದೆ. ಮೂರನೆಯದಕ್ಕೆ 12 ವಾರ ಮಾತ್ರ. ಹೊಲದಲ್ಲಿ ಕೂಲಿ ಮಾಡುವವಳಿಗೆ, ಮನೆಗೆಲಸದವಳಿಗೆ ಈ ರಜೆಯ ನೆರಳೂ ತಾಗದು. ಇನ್ನು ಕೆಲಸ ಹುಡುಕುತ್ತಿರುವ ನಮ್ಮ ಗೆಳತಿಯರನ್ನು ಸಂದರ್ಶನದಲ್ಲಿ ‘ಮದುವೆ ಯಾವಾಗ?’ ಎಂದು ಕೇಳುವುದು ನಿಂತಿಲ್ಲ. ಜೊತೆಯಲ್ಲಿ ಓದಿದ ಹುಡುಗರಿಗೆ ಆ ಪ್ರಶ್ನೆ ಎದುರಾಗುವುದಿಲ್ಲ.

ಎಲ್ಲರೂ ಸಮನಾಗಿ ಹೆರಬೇಕು ಎಂಬುದು ಇಲ್ಲಿನ ವಾದವಲ್ಲ. ಒಬ್ಬಳಿಗೆ ಮೂರು ಮಕ್ಕಳು ಬೇಕೆನಿಸಬಹುದು, ಇನ್ನೊಬ್ಬಳಿಗೆ ಒಂದೂ ಬೇಡವೆನಿಸಬಹುದು. ಆ ವ್ಯತ್ಯಾಸ ಅವರವರ ಇಚ್ಛೆಯಿಂದ ಬರಲಿ; ಬಡತನದಿಂದ, ಅತ್ತೆಮನೆಯ ಒತ್ತಡದಿಂದ, ಕೆಲಸ ಹೋಗುವ ಭಯದಿಂದ ಬರುವುದು ಬೇಡ. ಮದುವೆಯ ಹೊಸ್ತಿಲಲ್ಲಿರುವ ಹುಡುಗ–ಹುಡುಗಿಯರು ಜಾತಕ ಕೂಡಿಬರುತ್ತದೆಯೇ ಎಂದು ನೋಡುವ ಮೊದಲು ಈ ಮಾತನ್ನು ಬಾಯಿಬಿಟ್ಟು ಆಡಿಕೊಳ್ಳಲಿ.